ಐದನೆಯ ಕೋಳಿ

ಕೋಳಿ ಬಂದದ್ದು ಮಂಗಳವಾರ ಬೆಳಿಗ್ಗೆ, ಒಂದು ಬಟ್ಟೆಯ ಚೀಲದಲ್ಲಿ. ಚೀಲದ ಜಿಪ್ಪನ್ನು ಮುಕ್ಕಾಲು ಭಾಗ ಎಳೆದು, ಉಳಿದ ಸಂದಿಯಿಂದ ಅದರ ತಲೆಯನ್ನು ಹೊರಗೆ ಬಿಟ್ಟಿದ್ದರು. ಬಾಗಿಲು ತೆರೆದ ತಕ್ಕಡಿಯಣ್ಣನಿಗೆ ಮೊದಲು ಕಂಡದ್ದು ಆ ತಲೆ. ಚೀಲ ಹಿಡಿದು ನಿಂತಿದ್ದ ಹೆಂಗಸು ಆಮೇಲೆ ಕಂಡಳು.

"ನಿಮ್ಮಕ್ಕ ಹೇಳಿರ್ತಾಳಲ್ಲ?" ಎಂದಳು ಅವಳು.

ಅಕ್ಕ ಹೇಳಿರಲಿಲ್ಲ. ಬಚ್ಚಲಮನೆಯ ಹೊಸ್ತಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಕ್ಕ ಒಂಬತ್ತು ದಿನದಿಂದ ಆಸ್ಪತ್ರೆಯಲ್ಲಿದ್ದಳು. ಆಪರೇಷನ್ ಆಗಿ ಒಂದು ವಾರವಾಗಿತ್ತು. ಇಂಥ ಹೊತ್ತಿನಲ್ಲಿ ಕೋಳಿಯ ವಿಷಯ ಯಾರಿಗೆ ನೆನಪಿರುತ್ತದೆ? ಬಂದ ಹೆಂಗಸು ಅಕ್ಕನ ಹಳೆಯ ಗೆಳತಿ; ಇಬ್ಬರೂ ಒಂದೇ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಬಿಳಿ ಬೆಡ್‌ಶೀಟುಗಳನ್ನು ಎದುರುಬದುರು ನಿಂತು ಮಡಚಿದವರು. ಈಗ ಅವಳು ಮಗಳ ಜೊತೆ ಮೂರನೆಯ ಮಹಡಿಯ ಮನೆಗೆ ಹೋಗುತ್ತಿದ್ದಳು. ಅಲ್ಲಿ ಕೋಳಿ ಸಾಕುವ ಹಾಗಿಲ್ಲ. ಇದ್ದ ಮೂರರಲ್ಲಿ ಉಳಿದದ್ದು ಇದೊಂದೇ.

"ಒಂಟಿ ಕೋಳಿ ಬದುಕಲ್ಲ ಕಣ್ರೀ. ಕೊರಗಿ ಸಾಯುತ್ತೆ. ನಿಮ್ಮಕ್ಕ ಮಾತು ಕೊಟ್ಟಿದ್ದಾಳೆ," ಎಂದು ಚೀಲವನ್ನು ಅವನ ಕೈಗೆ ಕೊಟ್ಟಳು. ಹೋಗುವಾಗ ಕೋಳಿಯ ತಲೆಯನ್ನು ಒಂದು ಬೆರಳಿನಿಂದ ಸವರಿ, ತಿರುಗಿ ನೋಡದೆ ಹೋದಳು.

ತಕ್ಕಡಿಯಣ್ಣ ಐವತ್ತೆಂಟರ ಮನುಷ್ಯ. ಅಂಗಡಿಗಳ ತಕ್ಕಡಿ ರಿಪೇರಿ ಮಾಡುವುದು ಅವನ ಕಸುಬು. ಕಿರಾಣಿ ಅಂಗಡಿಯವರ ದೊಡ್ಡ ತಕ್ಕಡಿ, ಗುಜರಿಯವರ ಕೊಕ್ಕೆ ತಕ್ಕಡಿ, ಔಷಧಿ ಅಂಗಡಿಯವರ ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿ, ಎಲ್ಲವೂ ಮನೆಯ ಮುಂಕೋಣೆಗೆ ಬರುತ್ತಿದ್ದವು. ಮದುವೆಯಾಗಲಿಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕ ಇವನ ಮನೆಗೆ ಬಂದು ಹನ್ನೊಂದು ವರ್ಷ. ಮುಂಕೋಣೆ ಅವನದು, ಹಿತ್ತಲು ಅವಳದು. ಹಿತ್ತಲಲ್ಲಿ ತಂತಿಯ ಜಾಲರಿ ಕಟ್ಟಿದ ಓಡಾಟದ ಜಾಗ, ಅದರ ಮೂಲೆಯಲ್ಲಿ ಮರದ ಗೂಡು, ಗೂಡಿನಲ್ಲಿ ನಾಲ್ಕು ಕೋಳಿ. ಅಕ್ಕ ಆಸ್ಪತ್ರೆ ಸೇರುವವರೆಗೆ ಅವನು ಅವುಗಳ ಮೊಟ್ಟೆ ತಿಂದಿದ್ದನೇ ಹೊರತು ಮುಖ ನೋಡಿರಲಿಲ್ಲ.

ಈ ಒಂಬತ್ತು ದಿನದಲ್ಲಿ ಮುಖ ಪರಿಚಯವಾಗಿತ್ತು. ಎಲ್ಲಕ್ಕಿಂತ ಮೇಲೆ ಹೆಡ್‌ಮೇಡಂ, ಕಪ್ಪು ಬಣ್ಣದವಳು. ಅವಳು ತಿನ್ನುವವರೆಗೆ ಯಾರೂ ತಟ್ಟೆಗೆ ಬಾಯಿ ಹಾಕುವಂತಿಲ್ಲ. ಅವಳ ಹಿಂದೆ ಉಪ್ಪು ಮತ್ತು ಮೆಣಸು, ಚುಕ್ಕೆ ಚುಕ್ಕೆಯ ಒಂದೇ ತಾಯಿಯ ಮಕ್ಕಳು. ಎಲ್ಲರಿಗಿಂತ ಕೆಳಗೆ ಗಡಿಬಿಡಿ ಎಂಬ ಕಂದು ಕೋಳಿ. ಎಲೆ ಬಿದ್ದರೂ ಕಿರುಚುತ್ತಿತ್ತು.

ಅಂದೇ ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದ.

"ಅಯ್ಯೋ, ಮರೆತೇಬಿಟ್ಟಿದ್ದೆ ಕಣೋ!" ಎಂದಳು ಅಕ್ಕ. ಮರುಕ್ಷಣ ಅವಳ ದನಿ ಬದಲಾಯಿತು. "ಪೆನ್ನು ತಗೋ. ಬರ್ಕೋ. ಹದಿನಾಲ್ಕು ದಿನ ಬೇರೆ ಇಡ್ಬೇಕು. ಹಿತ್ತಲಲ್ಲಿ ಅಲ್ಲ, ಮನೆ ಒಳಗೆ. ಅದಕ್ಕೆ ಏನಾದ್ರೂ ಕಾಯಿಲೆ ಇದ್ರೆ ಅಷ್ಟರಲ್ಲಿ ಗೊತ್ತಾಗುತ್ತೆ. ಆಮೇಲೆ ಜಾಲರಿ ಅಡ್ಡ ಇಟ್ಟು ಒಂದು ವಾರ ಬರೀ ಮುಖ ನೋಡ್ಕೊಳ್ಲಿ. ಆಮೇಲೆ ಬಿಡು. ಬಿಡೋವಾಗ ಎರಡು ತಟ್ಟೆ, ಎರಡು ನೀರು. ಜಗಳ ಆಡ್ತಾವೆ. ಆಡ್ಲಿ. ರಕ್ತ ಬಂದ್ರೆ ಮಾತ್ರ ಕೈ ಹಾಕು. ಇಲ್ಲಾಂದ್ರೆ ಸುಮ್ಮನೆ ನೋಡ್ತಾ ಇರು."

"ಸರಿ."

"ನಿನಗೆ ಸುಮ್ಮನೆ ನೋಡೋಕೆ ಬರಲ್ಲ. ಅದೇ ನನಗೆ ಚಿಂತೆ."

ಅದು ನಿಜವಾಗಿತ್ತು. ಅಳತೆ ಗೊತ್ತಿಲ್ಲದ ಯಾವ ವಸ್ತುವನ್ನು ಕಂಡರೂ ತಕ್ಕಡಿಯಣ್ಣನಿಗೆ ಅದನ್ನು ಅಳೆಯುವವರೆಗೆ ಸಮಾಧಾನವಿರುತ್ತಿರಲಿಲ್ಲ. ಅಕ್ಕ ಬಿದ್ದ ದಿನ ಡಾಕ್ಟರು "ನೋಡೋಣ" ಎಂದಾಗ, "ನೋಡೋಣ ಅಂದ್ರೆ ಎಷ್ಟು ಪರ್ಸೆಂಟು?" ಎಂದು ಕೇಳಿ ಬೈಸಿಕೊಂಡಿದ್ದ. ಈಗ ಅವನು ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಹೊಸ ಕೋಳಿಯನ್ನು ಚೀಲದ ಸಮೇತ ಕೊಕ್ಕೆ ತಕ್ಕಡಿಗೆ ತೂಗುಹಾಕಿ, ಚೀಲದ ತೂಕ ಕಳೆದು, ಪುಸ್ತಕದಲ್ಲಿ ಬರೆದ: ಹೊಸಬಳು, ಒಂದು ಕಿಲೋ ಆರುನೂರ ನಲವತ್ತು ಗ್ರಾಂ. ಆಮೇಲೆ ಹಿತ್ತಲಿಗೆ ಹೋಗಿ ಉಳಿದ ನಾಲ್ಕನ್ನೂ ಒಂದೊಂದಾಗಿ ಹಿಡಿದು ತೂಗಿದ. ಹೆಡ್‌ಮೇಡಂ ಎರಡು ಕಿಲೋ ಮುನ್ನೂರ ಹತ್ತು. ಗಡಿಬಿಡಿಯನ್ನು ಹಿಡಿಯಲು ಮುಕ್ಕಾಲು ಗಂಟೆ ಹಿಡಿಯಿತು.

ಗೋಡೆಯಾಚೆಯಿಂದ ಪಕ್ಕದ ಮನೆಯ ಟೈಪಿಸ್ಟಮ್ಮ ಇಣುಕಿದಳು. ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತಳಾದವಳು. ಯಾರ ಮನೆಯ ಸಂಗತಿಯನ್ನೂ ಅರ್ಧಕ್ಕೆ ಬಿಟ್ಟು ಅಭ್ಯಾಸವಿರಲಿಲ್ಲ.

"ತಕ್ಕಡಿಯಣ್ಣಾ, ಮಾರ್ತೀರೇನು?"

"ಇಲ್ಲ, ಅಕ್ಕ ಬರೋವರೆಗೂ ಒಂದೂ ಕಡಿಮೆ ಆಗಬಾರ್ದು. ಅದಕ್ಕೆ."

"ಎಣಿಸಿದ್ರೆ ಸಾಕಾಗಲ್ವಾ? ತೂಗಲೇಬೇಕಾ?"

ಹೊಸಬಳು ಮುಂಕೋಣೆಯಲ್ಲಿ, ದೊಡ್ಡ ತಕ್ಕಡಿಯೊಂದು ಬಂದಿದ್ದ ಮರದ ಪೆಟ್ಟಿಗೆಯಲ್ಲಿ ನೆಲೆಸಿದಳು. ಬೂದು ಬಣ್ಣ, ಸಣ್ಣ ಕೆಂಪು ಜುಟ್ಟು. ಮೊದಲ ಎರಡು ದಿನ ಸದ್ದಿಲ್ಲ. ಮೂರನೆಯ ದಿನದಿಂದ ಹಿತ್ತಲಿನ ಕೋಳಿಗಳ ಕೂಗು ಕೇಳಿದಾಗಲೆಲ್ಲ ಪೆಟ್ಟಿಗೆಯ ಹಲಗೆಗೆ ಎದೆ ಕೊಟ್ಟು ಕೂಗತೊಡಗಿದಳು. ತಕ್ಕಡಿಯಣ್ಣ ಗಂಟೆಗೊಮ್ಮೆ ಬಗ್ಗಿ ಅವಳ ಮೂಗು ನೋಡುತ್ತಿದ್ದ, ಸೋರುತ್ತಿದೆಯೇ ಎಂದು. ಕಣ್ಣು ನೋಡುತ್ತಿದ್ದ, ಹಿಕ್ಕೆ ನೋಡುತ್ತಿದ್ದ. ಅವಳು ಒಮ್ಮೆ ಸೀನಿದಳು. ಅವನಿಗೆ ಅಂದು ಅನ್ನ ಇಳಿಯಲಿಲ್ಲ.

ಆದರೆ ಹದಿನಾಲ್ಕು ದಿನ ನಡೆಯಲಿಲ್ಲ. ಮೇಜಿನ ಮೇಲೆ ಔಷಧಿ ಅಂಗಡಿಯವರ ಸೂಕ್ಷ್ಮ ತಕ್ಕಡಿಯೊಂದು ರಿಪೇರಿಗೆ ಬಂದಿತ್ತು. ಅದನ್ನು ಸೋಮವಾರದೊಳಗೆ ಕೊಡಬೇಕು. ಅಳತೆ ಇಲಾಖೆಯವರು ಬಂದು ಮುದ್ರೆ ಹಾಕುವ ದಿನ ಅದು. ಆದರೆ ಅದರ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತಿರಲಿಲ್ಲ. ಎರಡು ಸಲ ಬಿಚ್ಚಿ ಒರೆಸಿದ. ಮೂರನೆಯ ಸಲ ಭೂತಗನ್ನಡಿ ಹಿಡಿದು ನೋಡಿದರೆ ತಟ್ಟೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪುಕ್ಕದ ಹುಡಿ. ಕೋಣೆಯ ತುಂಬ ಅದೇ ಹಾರಾಡುತ್ತಿತ್ತು. ಮನೆಯಲ್ಲಿ ಇನ್ನೊಂದು ಕೋಣೆ ಎಂದರೆ ಅಕ್ಕನದು. ಅಲ್ಲಿ ಕೋಳಿ ಇಡಲು ಅವನ ಮನಸ್ಸು ಒಪ್ಪಲಿಲ್ಲ. ಅವಳು ಬರುವುದೇ ಇಲ್ಲ ಎಂದು ತೀರ್ಮಾನಿಸಿದಂತೆ ಆಗುತ್ತದೆ ಎಂದು ಅವನ ಹೆದರಿಕೆ.

ಆರನೆಯ ದಿನ, ಭಾನುವಾರ, ಹಿತ್ತಲಿನ ಓಡಾಟದ ಜಾಗಕ್ಕೆ ಅಡ್ಡಲಾಗಿ ಜಾಲರಿ ಕಟ್ಟಿದ. ಕಾಲು ಭಾಗ ಹೊಸಬಳಿಗೆ, ಮುಕ್ಕಾಲು ಉಳಿದವರಿಗೆ. ಕಂಬಗಳಿಗೆ ಜಾಲರಿಯನ್ನು ನೀಲಿ ನೈಲಾನ್ ದಾರದಿಂದ ಬಿಗಿದ. ಗಂಟು ಹಾಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆಮೇಲೆ ಬಿಚ್ಚಲು ಸುಲಭವಾಗಲಿ ಎಂದು ದಾರದ ತುದಿಗಳನ್ನು ಉದ್ದಕ್ಕೆ ಬಿಟ್ಟ.

ಸಂಜೆ ಅಕ್ಕ ಫೋನಿನಲ್ಲಿ ಕೇಳಿದಳು: "ಹೊಸದು ಬೇರೆ ಇದೆ ತಾನೇ?"

"ಬೇರೆಯೇ ಇದೆ," ಎಂದ. ಅದು ಸುಳ್ಳಲ್ಲ. ಆದರೂ ಫೋನಿಟ್ಟ ಮೇಲೆ ಕಿವಿ ಬಿಸಿಯಾಗಿತ್ತು.

ಮುಂದಿನ ಎಂಟು ದಿನ ಹೆಡ್‌ಮೇಡಂ ಊಟ ಬಿಟ್ಟು ಜಾಲರಿಯ ಪಕ್ಕದಲ್ಲೇ ಕಾವಲು ನಿಂತಳು. ಹೊಸಬಳು ತಟ್ಟೆಯ ಹತ್ತಿರ ಬಂದರೆ ಇತ್ತ ಕಡೆಯಿಂದ ಜಾಲರಿಗೆ ಹಾರಿ ಗುದ್ದುತ್ತಿದ್ದಳು. ಬೇಸರವಾದಾಗ ಕಂಬದ ಹತ್ತಿರ ಹೋಗಿ ಏನನ್ನೋ ಎಳೆದು ಎಳೆದು ಕುಕ್ಕುತ್ತಿದ್ದಳು. ಹುಳ ಇರಬೇಕು ಎಂದುಕೊಂಡ ತಕ್ಕಡಿಯಣ್ಣ. ಪ್ರತಿ ಬೆಳಿಗ್ಗೆ ಐವರನ್ನೂ ತೂಗಿದ. ಹೊಸಬಳು ಇಪ್ಪತ್ತು ಗ್ರಾಂ ಇಳಿದಳು, ಮತ್ತೆ ಹತ್ತು ಇಳಿದಳು.

ಹದಿನಾಲ್ಕನೆಯ ದಿನ ಸಂಜೆ, ಇನ್ನೇನು ಬೆಳಕು ತಗ್ಗುತ್ತದೆ ಎನ್ನುವ ಹೊತ್ತಿಗೆ, ಅಡ್ಡ ಜಾಲರಿಯ ಒಂದು ಬದಿಯನ್ನು ಬಿಚ್ಚಿದ. ಎರಡು ತಟ್ಟೆ, ಎರಡು ನೀರು. ಕೈಯಲ್ಲಿ ಪೊರಕೆ.

ಹೊಸಬಳು ಒಂದು ಹೆಜ್ಜೆ ಇಟ್ಟಳು. ಉಪ್ಪು, ಮೆಣಸು ತಲೆ ಎತ್ತಿದವು. ಹೆಡ್‌ಮೇಡಂ ಕತ್ತಿನ ಪುಕ್ಕವನ್ನೆಲ್ಲ ಛತ್ರಿಯಂತೆ ಬಿಚ್ಚಿಕೊಂಡು ನೇರ ನಡೆದು ಬಂದಳು. ಓಡಿಬರಲಿಲ್ಲ. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. ಬಂದವಳೇ ಹೊಸಬಳ ತಲೆಗೆ ಒಂದು ಏಟು ಕೊಟ್ಟಳು. ಹೊಸಬಳು ತಿರುಗಿ ಓಡಿದಾಗ ಚುಕ್ಕೆಯ ಇಬ್ಬರೂ ಎರಡು ಬದಿಯಿಂದ ಅಟ್ಟಿಸಿಕೊಂಡು ಹೋದರು. ಮೂಲೆಯಲ್ಲಿ ಸಿಕ್ಕಿಕೊಂಡವಳ ಬೆನ್ನ ಮೇಲೆ ಹತ್ತಿ ಪುಕ್ಕ ಕಿತ್ತರು. ಎಲ್ಲಕ್ಕಿಂತ ಜೋರಾಗಿ ಕಿರುಚುತ್ತಿದ್ದವಳು ಯಾರೂ ಮುಟ್ಟದ ಗಡಿಬಿಡಿ.

"ಕೈ ಹಾಕಬೇಡಿ, ಕೈ ಹಾಕಬೇಡಿ!" ಎಂದಳು ಗೋಡೆಯಾಚೆಯಿಂದ ಟೈಪಿಸ್ಟಮ್ಮ. "ನಿಮ್ಮಕ್ಕ ಫೋನ್ ಮಾಡಿ ನನಗೆ ಹೇಳಿದಾಳೆ, ನಿಮ್ಮನ್ನ ನೋಡ್ಕೋಬೇಕು ಅಂತ."

"ಸಾಯಿಸಿಬಿಡ್ತಾವೆ!"

"ರಕ್ತ ಬಂದಿದ್ಯಾ?"

ಜುಟ್ಟಿನ ತುದಿಯಲ್ಲಿ ಒಂದು ಹನಿ ಕಂಡಿತು. ಅವನು ಪೊರಕೆ ಬೀಸಿಕೊಂಡು ನುಗ್ಗಿದ. ಅಷ್ಟರಲ್ಲಿ ಹೊಸಬಳು ಗೂಡಿನ ಕೆಳಗಿನ ಸಂದಿಗೆ ತೂರಿಕೊಂಡಿದ್ದಳು. ಕತ್ತಲಾಗುತ್ತ ಬಂದು ಉಳಿದವರೆಲ್ಲ ಗೂಡು ಹತ್ತಿದ ಮೇಲೆ, ಅವನು ನೆಲಕ್ಕೆ ಮಲಗಿ ಕೈ ಚಾಚಿ ಅವಳನ್ನು ಎಳೆದು, ಜುಟ್ಟಿಗೆ ಮುಲಾಮು ಹಚ್ಚಿ, ಗೂಡಿನೊಳಗಿನ ಅಡ್ಡಕೋಲಿನ ತುದಿಯಲ್ಲಿ ಗಡಿಬಿಡಿಯ ಪಕ್ಕ ಕೂರಿಸಿದ. ಕತ್ತಲೆಯಲ್ಲಿ ಕೋಳಿಗೆ ಜಗಳ ಆಡಲು ಬಾರದು ಎಂದು ಅಕ್ಕ ಹೇಳಿದ್ದಳು. ಗಡಿಬಿಡಿ ಒಂದಿಷ್ಟು ಸರಿದು ಜಾಗ ಕೊಟ್ಟಳೋ, ಹೆದರಿ ಸರಿದಳೋ, ಅವನಿಗೆ ತಿಳಿಯಲಿಲ್ಲ.

ಮರುದಿನವೂ ಅದೇ ಹಾಡು, ಆದರೆ ರಕ್ತವಿಲ್ಲ. ಅದರ ಮರುದಿನ ಹೊಸಬಳು ಎರಡನೆಯ ತಟ್ಟೆಯಿಂದ ನಾಲ್ಕು ಕಾಳು ತಿಂದಳು. ತಕ್ಕಡಿಯಣ್ಣನ ಉಸಿರು ತುಸು ಸಡಿಲವಾಗುತ್ತಿತ್ತು. ಆಗಲೇ ಅವನ ಕಣ್ಣು ಪುಸ್ತಕದ ಇನ್ನೊಂದು ಸಾಲಿನ ಮೇಲೆ ಬಿತ್ತು. ಹೊಸಬಳ ಗ್ರಾಂಗಳನ್ನೇ ಲೆಕ್ಕ ಹಾಕುತ್ತ ಕುಳಿತವನು ಹೆಡ್‌ಮೇಡಮ್ಮಿನ ಸಾಲನ್ನು ಬರೆದದ್ದಷ್ಟೇ, ಓದಿರಲಿಲ್ಲ. ಎರಡು ಕಿಲೋ ಮುನ್ನೂರ ಹತ್ತಿದ್ದವಳು ಎರಡು ಕಿಲೋ ನೂರ ಐವತ್ತಕ್ಕೆ ಬಂದಿದ್ದಳು.

ಹಿತ್ತಲಿಗೆ ಓಡಿದ. ಹೆಡ್‌ಮೇಡಂ ಬೇಲಿಯ ಪಕ್ಕ ಕಣ್ಣು ಅರ್ಧ ಮುಚ್ಚಿ, ಕತ್ತನ್ನು ಭುಜದೊಳಗೆ ಎಳೆದುಕೊಂಡು ನಿಂತಿದ್ದಳು. ಎದುರಿಗೆ ಕಾಳು ಹಾಕಿದರೆ ನೋಡಿ ಸುಮ್ಮನಾದಳು. ಅವಳ ಮುಂದೆಯೇ ಉಪ್ಪು ತಟ್ಟೆಗೆ ಬಾಯಿ ಹಾಕಿತು. ಹೆಡ್‌ಮೇಡಂ ಏನೂ ಅನ್ನಲಿಲ್ಲ.

ಹದಿನಾಲ್ಕು ದಿನ ಎಂದಿದ್ದಳು ಅಕ್ಕ. ತಾನು ಆರಕ್ಕೇ ಹಿತ್ತಲಿಗೆ ತಂದಿದ್ದ. ಒಂದು ಸೀನು ಸೀನಿರಲಿಲ್ಲವೇ ಅದು? ಕಾಯಿಲೆ ಬಂದೇಬಿಟ್ಟಿತು. ಇವತ್ತು ಇವಳು, ನಾಳೆ ಉಪ್ಪು, ನಾಡಿದ್ದು ಮೆಣಸು. ಅಕ್ಕ ಬರುವ ಹೊತ್ತಿಗೆ ಖಾಲಿ ಗೂಡು. ಅವನ ಕಣ್ಣಿಗೆ ಅದು ಕಟ್ಟಿಬಿಟ್ಟಿತು. ಹೊಸಬಳನ್ನು ಕಾಲು ಹಿಡಿದು ಎತ್ತಿ ತಂದು ಮತ್ತೆ ಮರದ ಪೆಟ್ಟಿಗೆಗೆ ತಳ್ಳಿ, ಮುಚ್ಚಳದ ಮೇಲೆ ಐದು ಕಿಲೋದ ತೂಕದ ಕಲ್ಲಿಟ್ಟ. "ನಿನ್ನಿಂದಲೇ ಎಲ್ಲ," ಎಂದ ಅದಕ್ಕೆ. ಜೀವನದಲ್ಲಿ ಮೊದಲ ಸಲ ಒಂದು ಕೋಳಿಯ ಜೊತೆ ಮಾತಾಡಿದ್ದ, ಅದೂ ಬೈಗುಳ.

ಮೂರೂವರೆಗೆ ಅಕ್ಕನ ಫೋನು ಬಂತು. ಅವಳ ದನಿ ಅಂದು ಗೆಲುವಾಗಿತ್ತು. ಕೋಲು ಹಿಡಿದು ಆರು ಹೆಜ್ಜೆ ನಡೆದಿದ್ದಳಂತೆ.

"ಲೋ, ಫೋನು ಹಿತ್ತಲಿಗೆ ತಗೊಂಡು ಹೋಗು. ಅವರ ಸದ್ದು ಕೇಳಿ ಎಷ್ಟು ದಿನ ಆಯ್ತು! ಹೆಡ್‌ಮೇಡಂ ಮಾತು ಕೇಳಿಸು ಸ್ವಲ್ಪ."

ತಕ್ಕಡಿಯಣ್ಣ ಹಿತ್ತಲ ಬಾಗಿಲನ್ನು ಮೆಲ್ಲಗೆ ಮುಚ್ಚಿದ. "ಅವಳು... ಮೊಟ್ಟೆ ಇಡೋಕೆ ಕೂತಿದಾಳೆ ಅಕ್ಕಾ. ಎಬ್ಬಿಸೋದು ಬೇಡ."

ಅತ್ತ ಕಡೆ ದನಿಯ ಗೆಲುವು ಇಳಿಯಿತು. "ಹಾಗಾ," ಎಂದಳು ಅಕ್ಕ. "ಸರಿ, ಕೂತಿರ್ಲಿ."

ಆ ದಿನ, ಮರುದಿನ ಅವನು ಮಾಡದ ಉಪಚಾರವಿಲ್ಲ. ನೀರಿಗೆ ಬೆಲ್ಲ ಕದಡಿದ, ಬಿಸಿ ಬಟ್ಟೆ ಇಟ್ಟ. ಹೆಡ್‌ಮೇಡಂ ನೀರು ಕುಡಿಯುವುದು, ಕತ್ತು ಹಾವಿನಂತೆ ತಿರುಚುವುದು, ಮತ್ತೆ ಕಣ್ಣು ಮುಚ್ಚುವುದು. ಎರಡು ಕಿಲೋ ತೊಂಬತ್ತು. ಎರಡು ಕಿಲೋ ನಲವತ್ತು. ಎರಡರ ಗಡಿ ದಾಟಿದರೆ ಮುಗಿಯಿತು ಎಂದು ತನ್ನಷ್ಟಕ್ಕೇ ನಿರ್ಧರಿಸಿಕೊಂಡಿದ್ದ.

ಟೈಪಿಸ್ಟಮ್ಮನೇ ಕೊನೆಗೆ ಗದರಿದಳು. "ತೂಗಿ ತೂಗಿ ಸಾಯಿಸ್ತೀರೇನು? ಪಶು ಆಸ್ಪತ್ರೆ ಯಾವ ಕಾಲಕ್ಕೆ ಇರೋದು? ಎತ್ಕೊಂಡು ನಡೀರಿ!"

ಹೋಗದೆ ಇದ್ದದ್ದು ಯಾಕೆಂದು ಅವನಿಗೆ ಮಾತ್ರ ಗೊತ್ತಿತ್ತು. ಡಾಕ್ಟರು ಕಾಯಿಲೆಯ ಹೆಸರು ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದಲ್ಲ.

ಪಶು ಆಸ್ಪತ್ರೆಯ ಉದ್ದ ಬೆಂಚಿನಲ್ಲಿ ಒಂದು ಕಡೆ ಬ್ಯಾಂಡೇಜು ಕಟ್ಟಿದ ನಾಯಿ, ಇನ್ನೊಂದು ಕಡೆ ಒಂದು ಆಡು, ನಡುವೆ ಮಡಿಲಲ್ಲಿ ಚೀಲ ಇಟ್ಟುಕೊಂಡ ತಕ್ಕಡಿಯಣ್ಣ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅಂಗಿಯ ತೋಳು ಮಡಚಿಕೊಂಡು ಹೆಡ್‌ಮೇಡಮ್ಮಿನ ಕೊಕ್ಕು ಬಿಡಿಸಿ ನೋಡಿದರು, ರೆಕ್ಕೆ ಎತ್ತಿ ನೋಡಿದರು. ಅಷ್ಟರಲ್ಲಿ ತಕ್ಕಡಿಯಣ್ಣ ತಡೆಯಲಾರದೆ ಎಲ್ಲವನ್ನೂ ಒದರಿದ: ಹೊಸ ಕೋಳಿ, ಹದಿನಾಲ್ಕು ದಿನ, ಆರು ದಿನ, ಒಂದು ಸೀನು. ತೂಕದ ಪುಸ್ತಕ ತೆಗೆದು ಮುಂದಿಟ್ಟ.

"ಪರವಾಗಿಲ್ವೇ, ಇಷ್ಟು ಚೆನ್ನಾಗಿ ಯಾರೂ ಬರೆದು ತರಲ್ಲ," ಎನ್ನುತ್ತ ಡಾಕ್ಟರು ಕೋಳಿಯ ಎದೆಯ ಮೇಲ್ಭಾಗವನ್ನು ಬೆರಳಿನಿಂದ ಒತ್ತಿದರು. "ಎರಡು ದಿನದಿಂದ ಏನೂ ತಿಂದಿಲ್ಲ ಅಂದ್ರಲ್ಲ?"

"ಒಂದು ಕಾಳೂ ಇಲ್ಲ."

"ಮತ್ತೆ ಇದೇನು? ಮುಟ್ಟಿ ನೋಡಿ."

ಕತ್ತಿನ ಬುಡದಲ್ಲಿ, ತಿಂದ ಕಾಳು ಮೊದಲು ಬಂದು ನಿಲ್ಲುವ ಚೀಲದಲ್ಲಿ, ನಿಂಬೆಹಣ್ಣಿಗಿಂತ ದೊಡ್ಡದಾದ ಗಟ್ಟಿ ಉಂಡೆ ಅವನ ಬೆರಳಿಗೆ ಸಿಕ್ಕಿತು.

"ಏನೋ ಸಿಕ್ಕಿಕೊಂಡಿದೆ. ಕೆಳಗೆ ಇಳೀತಿಲ್ಲ, ಅದಕ್ಕೆ ತಿನ್ತಿಲ್ಲ. ಕೊಯ್ದು ತೆಗೀಬೇಕು. ಹಿಡ್ಕೊಳ್ತೀರಾ, ಹೊರಗೆ ಕೂತಿರ್ತೀರಾ?"

ಹಿಡಿದುಕೊಂಡ. ಹೊರಗೆ ಕೂರುವುದು ಅದಕ್ಕಿಂತ ಕಷ್ಟ. ಇಂಜೆಕ್ಷನ್ ಕೊಟ್ಟು, ಪುಕ್ಕ ಸರಿಸಿ, ಎರಡು ಬೆರಳಗಲ ಕೊಯ್ದರು. ಇಕ್ಕಳದ ತುದಿಗೆ ಮೊದಲು ಒಣ ಹುಲ್ಲು ಬಂತು. ಆಮೇಲೆ ಅದಕ್ಕೆ ಸುತ್ತಿಕೊಂಡ ನೀಲಿ ಬಣ್ಣದ ಏನೋ ಒಂದು. ಡಾಕ್ಟರು ಎಳೆದರು, ಇನ್ನೂ ಎಳೆದರು. ಒಂದು ಮೊಳಕ್ಕೂ ಮಿಕ್ಕಿದ ನೈಲಾನ್ ದಾರ.

"ಇದು ಎಲ್ಲಿಂದ ಬಂತು?" ಎಂದರು.

ತಕ್ಕಡಿಯಣ್ಣ ಗುರುತು ಹಿಡಿದ: ಜಾಲರಿ ಬಿಗಿಯಲು ತಾನೇ ಕಟ್ಟಿ, ತುದಿ ಉದ್ದಕ್ಕೆ ಬಿಟ್ಟಿದ್ದ ದಾರ. ಅವನ ಕೈಯೊಳಗೆ ಹೆಡ್‌ಮೇಡಮ್ಮಿನ ಎದೆ ಡಬಡಬ ಬಡಿಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಮನೆಯ ಪೆಟ್ಟಿಗೆಯೊಳಗೆ, ಐದು ಕಿಲೋ ಕಲ್ಲಿನ ಕೆಳಗೆ, ಹೊಸಬಳು ಎರಡು ದಿನದಿಂದ ಕತ್ತಲಲ್ಲಿ ಕೂತಿದ್ದಳು.

ಮನೆಗೆ ಬಂದವನು ಚೀಲವನ್ನು ಮೇಜಿನ ಮೇಲಿಟ್ಟು ಮೊದಲು ಆ ಕಲ್ಲನ್ನು ಎತ್ತಿದ. ಹೊಸಬಳು ಹೊರಗೆ ಬರಲಿಲ್ಲ. ಅವನು ನೆಲದ ಮೇಲೆ ಕೂತು ಕೈಯಲ್ಲಿ ಕಾಳು ಹಿಡಿದು ಕಾದ. ಬಹಳ ಹೊತ್ತಿನ ಮೇಲೆ ಬಂದು ತಿಂದಳು. ಆಮೇಲೆ ಹಿತ್ತಲಿಗೆ ಹೋಗಿ ಕತ್ತರಿಯಿಂದ ಒಂದೊಂದೇ ನೀಲಿ ಗಂಟನ್ನು ಕತ್ತರಿಸಿ ತೆಗೆದು, ಇಡೀ ಬೇಲಿಗೆ ತಂತಿಯ ಕೊಕ್ಕೆ ಹಾಕಿದ. ಒಂದು ಚೂರೂ ಉಳಿದಿಲ್ಲವೆಂದು ಖಾತ್ರಿಯಾಗಲು ಬೆರಳಲ್ಲಿ ಮಣ್ಣು ಜಾಲಾಡಿ, ಕೊನೆಗೆ ಹೊಸಬಳನ್ನು ಮತ್ತೆ ಹಿತ್ತಲಿಗೆ ಬಿಟ್ಟ.

ಮರುದಿನ ಆಸ್ಪತ್ರೆಗೆ ಹೋದ. ಅಕ್ಕ ವ್ಯಾಯಾಮದ ಕೋಣೆಯಲ್ಲಿ ಎರಡು ಕಂಬಿಗಳ ನಡುವೆ ನಿಂತು ಬೆವರುತ್ತಿದ್ದಳು. ಅವಳನ್ನು ಕುರ್ಚಿಯಲ್ಲಿ ಕೂರಿಸುವವರೆಗೆ ಕಾದು, ಕಾಲಿನ ಹೆಬ್ಬೆರಳು ನೋಡುತ್ತ ಒಂದೂ ಬಿಡದೆ ಹೇಳಿದ.

"ಹದಿನಾಲ್ಕು ಅಂದಿದ್ದೆ," ಎಂದಳು ಅಕ್ಕ.

"ಹೂಂ."

"ಆರಕ್ಕೆ ತಂದೆ."

"ಆರಕ್ಕೆ."

"ಅವತ್ತು ಮೊಟ್ಟೆ ಇಡೋಕೆ ಕೂತಿದಾಳೆ ಅಂದ್ಯಲ್ಲ, ಆಗಲೇ ನನಗೆ ಗೊತ್ತಾಯ್ತು. ಮೂರೂವರೆಗೆ ಅವಳು ಈ ಜನ್ಮದಲ್ಲಿ ಮೊಟ್ಟೆ ಇಟ್ಟಿಲ್ಲ. ಹತ್ತು ಗಂಟೆ ಒಳಗೆ ಅವಳ ಕೆಲಸ ಮುಗಿದಿರುತ್ತೆ."

ಅವನು ತಲೆ ಎತ್ತಿದ. "ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿ? ಇಲ್ಲಿಂದ ಎದ್ದು ಬರೋಕಾಗುತ್ತಾ ನನಗೆ? ನೀನು ಸುಳ್ಳು ಹೇಳೋ ಹಾಗೆ ಆಗಿದೆ ಅಂದ್ರೆ ಸತ್ತೇ ಹೋಗಿದಾಳೆ ಅಂದ್ಕೊಂಡೆ. ಎರಡು ದಿನ ಈ ಗೋಡೆ ನೋಡ್ಕೊಂಡು ಅದನ್ನೇ ನುಂಗ್ತಾ ಇದ್ದೆ." ಅವಳ ಕಣ್ಣು ತುಂಬಿತ್ತು, ಆದರೆ ದನಿ ಸಿಟ್ಟಿನದು. "ಇನ್ನೊಂದು ಸಲ ನನಗೆ ಒಳ್ಳೇದಾಗ್ಲಿ ಅಂತ ಸುಳ್ಳು ಹೇಳಿದ್ರೆ ನೋಡು. ಈ ಕೋಲು ನಡೆಯೋಕೆ ಮಾತ್ರ ಅಲ್ಲ."

"ಇಲ್ಲ."

"ತೂಕ ಎಷ್ಟಿದೆ ಈಗ?"

"ಎರಡು ಕಿಲೋ ಹತ್ತು."

"ಬದುಕ್ತಾಳೆ ಬಿಡು," ಎಂದಳು ಅಕ್ಕ. ಯಾವ ಲೆಕ್ಕದಲ್ಲಿ ಹೇಳಿದಳೋ. ಅವನು ಮಾತ್ರ ಆ ರಾತ್ರಿ ನಿದ್ದೆ ಮಾಡಿದ.

ಹೆಡ್‌ಮೇಡಂ ಹತ್ತು ದಿನ ಮುಂಕೋಣೆಯ ಪೆಟ್ಟಿಗೆಯಲ್ಲಿದ್ದಳು. ನೆನೆಸಿದ ಮೆತ್ತನೆಯ ತಿಂಡಿ, ದಿನಕ್ಕೆರಡು ಹೊತ್ತು ಔಷಧಿ. ಸೂಕ್ಷ್ಮ ತಕ್ಕಡಿಗಳನ್ನು ತಕ್ಕಡಿಯಣ್ಣ ಈ ಸಲ ಅಕ್ಕನ ಕೋಣೆಗೆ ಸಾಗಿಸಿದ. ಅಕ್ಕನನ್ನು ಕೇಳಿಯೇ ಸಾಗಿಸಿದ. ಅತ್ತ ಹಿತ್ತಲಲ್ಲಿ ನಾಯಕಿ ಇಲ್ಲದ ಜಾಗ ಖಾಲಿ ಉಳಿಯಲಿಲ್ಲ. ಉಪ್ಪು ಮತ್ತು ಮೆಣಸು ತಮ್ಮತಮ್ಮೊಳಗೇ ಕಚ್ಚಾಡಿ ಸೋತು ಕೂತರು. ಆ ಗಲಾಟೆಯಲ್ಲಿ ಮೊದಲು ತಟ್ಟೆಯ ಮುಂದೆ ನಿಲ್ಲುವ ಅಭ್ಯಾಸ ಮಾಡಿಕೊಂಡವಳು ಗಡಿಬಿಡಿ. ಹೊಸಬಳು ಅವಳ ಬಾಲ ಹಿಡಿದು ಎರಡನೆಯವಳಾದಳು.

ಹನ್ನೊಂದನೆಯ ದಿನ, ಹೊಲಿಗೆ ಒಣಗಿ, ತೂಕ ಎರಡು ಕಿಲೋ ನೂರಾ ಎಂಬತ್ತಕ್ಕೆ ಏರಿದ ಮೇಲೆ, ಹೆಡ್‌ಮೇಡಮ್ಮನ್ನು ಎತ್ತಿ ತಂದು ಹಿತ್ತಲಲ್ಲಿ ಇಳಿಸಿದ. ಅವಳದೇ ಮನೆ, ಅವಳದೇ ಜನ. ಜಾಲರಿ, ಎರಡು ತಟ್ಟೆ ಯಾವುದೂ ಅವನಿಗೆ ಹೊಳೆಯಲೇ ಇಲ್ಲ.

ನಾಲ್ವರೂ ಒಟ್ಟಿಗೆ ಮೇಲೆ ಬಿದ್ದರು.

ಅವನು ಓಡಿ ಹೋಗಿ ಬಿಡಿಸುವಷ್ಟರಲ್ಲಿ ಹೊಲಿಗೆಯ ಪಕ್ಕದಲ್ಲೇ ಒಂದು ಹಿಡಿ ಪುಕ್ಕ ಹೋಗಿತ್ತು. ಎಲ್ಲರಿಗಿಂತ ಬಲವಾಗಿ ಕುಕ್ಕಿದವಳು ಹೊಸಬಳು. ಜುಟ್ಟಿನ ಗಾಯ ಇನ್ನೂ ಮಾಯದವಳು ಅದೇ ಜುಟ್ಟು ನಿಮಿರಿಸಿಕೊಂಡು ಹೆಡ್‌ಮೇಡಮ್ಮಿನ ತಲೆಗೇ ಗುರಿಯಿಟ್ಟಿದ್ದಳು.

"ನಿನಗೆ ನಾಚಿಕೆ ಆಗಲ್ವೇ?" ಎಂದು ಕೂಗಿದ ತಕ್ಕಡಿಯಣ್ಣ. ನಿಜವಾಗಿಯೂ ಅವನಿಗೆ ನೋವಾಗಿತ್ತು. "ನಿನ್ನೆ ಮೊನ್ನೆ ನಿನ್ನ ಗತಿ ಏನಾಗಿತ್ತು?"

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದಳು ಟೈಪಿಸ್ಟಮ್ಮ ಗೋಡೆಯ ಮೇಲೆ ಗಲ್ಲ ಊರಿ. "ಕೋಳಿಗೆ ಬುದ್ಧಿ ಹೇಳ್ತಿದೀರಲ್ಲ, ಅದನ್ನ ಮೊದಲು ನಿಲ್ಲಿಸಿ."

ಅಕ್ಕನಿಗೆ ಫೋನ್ ಮಾಡಿ ಆದದ್ದು ಆದ ಹಾಗೆ ಹೇಳಿದ. ಅವಳು ನಕ್ಕುಬಿಟ್ಟಳು. "ಹತ್ತು ದಿನ ಕಣ್ಣಿಗೆ ಬೀಳಲಿಲ್ಲ ಅಂದ್ರೆ ಅವರ ಪಾಲಿಗೆ ಅವಳೂ ಹೊಸಬಳೇ ಕಣೋ. ಮೊದಲಿಂದ ಶುರು ಮಾಡು."

ಮೊದಲಿಂದ ಶುರು ಮಾಡಿದ. ಅಡ್ಡ ಜಾಲರಿ, ಈ ಬಾರಿ ತಂತಿಯ ಕೊಕ್ಕೆಗಳು. ಕಾಲು ಭಾಗದಲ್ಲಿ ಹೆಡ್‌ಮೇಡಂ. ಒಂದು ವಾರ ಅವಳು ಅತ್ತ ಮುಖ ಮಾಡಿ ನಿಂತಳು. ಎಂಟನೆಯ ದಿನ ಜಾಲರಿ ಬಿಚ್ಚಿ, ಎರಡಲ್ಲ, ಮೂರು ತಟ್ಟೆ ಇಟ್ಟು, ಪೊರಕೆಯನ್ನು ಕೈಗೆ ಸಿಗದಷ್ಟು ದೂರ ಒರಗಿಸಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ. ಗಡಿಬಿಡಿ ಒಮ್ಮೆ ಕುಕ್ಕಿದಳು. ಹೊಸಬಳು ಎರಡು ಸಲ. ಹೆಡ್‌ಮೇಡಂ ಮೂರನೆಯ ಏಟಿಗೆ ಕತ್ತು ತಗ್ಗಿಸಿ ಪಕ್ಕಕ್ಕೆ ಸರಿದು, ಮೂರನೆಯ ತಟ್ಟೆಗೆ ಹೋಗಿ ತಿನ್ನತೊಡಗಿದಳು. ಅಷ್ಟೇ. ತಕ್ಕಡಿಯಣ್ಣ ಬೆವರಿ ತೊಪ್ಪೆಯಾಗಿದ್ದ. ಅಂದಿನಿಂದ ಅವಳ ಜಾಗ ಮೂರನೆಯದು. ಹಿಂದಿನ ಗತ್ತು ಮತ್ತೆ ಬರಲಿಲ್ಲ, ಮೊಟ್ಟೆ ಮಾತ್ರ ಒಂದು ತಿಂಗಳ ಮೇಲೆ ಬಂತು, ಬೆಳಿಗ್ಗೆ ಹತ್ತರೊಳಗೆ.

ಅದಕ್ಕೂ ಮೊದಲೇ ಅಕ್ಕ ಮನೆಗೆ ಬಂದಿದ್ದಳು. ನಾಲ್ಕು ಕಾಲಿನ ಅಲ್ಯೂಮಿನಿಯಂ ವಾಕರ್ ಹಿಡಿದು, ಮನೆಯ ಒಳಗೆಲ್ಲ ಟಕ್ ಟಕ್ ಎಂದು ನಡೆದಳು. ಆದರೆ ಹಿತ್ತಲಿಗೆ ಇಳಿಯುವ ಮೂರು ಮೆಟ್ಟಿಲ ಮುಂದೆ ಬಂದಾಗ ನಿಂತುಬಿಟ್ಟಳು. "ನಾಳೆ," ಎಂದಳು. ಹೀಗೆ ಎಂಟು ನಾಳೆಗಳು ಕಳೆದವು. ಅವಳಿಗೂ ಹೆದರಿಕೆ ಎಂಬುದಿದೆ ಎಂದು ತಕ್ಕಡಿಯಣ್ಣನಿಗೆ ಗೊತ್ತಾದದ್ದು ಆಗಲೇ. ಅವನು ಮೆಟ್ಟಿಲುಗಳ ಪಕ್ಕ ಹಿಡಿಕಂಬಿ ಹಾಕಿಸಿದ.

ಒಂಬತ್ತನೆಯ ದಿನ ಅವಳು ಇಳಿದಳು. ಕಂಬಿ ಹಿಡಿದು, ತುಟಿ ಕಚ್ಚಿ, ಒಂದೊಂದೇ ಮೆಟ್ಟಿಲು. ಕೆಳಗೆ ಅವನು ವಾಕರ್ ಇಟ್ಟುಕೊಂಡು ಕಾಯುತ್ತಿದ್ದ. ಅದನ್ನು ಹಿಡಿದು ಬೇಲಿಯ ಬಾಗಿಲು ದಾಟಿ ಒಳಗೆ ಹೋದದ್ದೇ ತಡ, ಬಿಸಿಲಿಗೆ ಫಳಫಳಿಸುವ ಆ ನಾಲ್ಕು ಕಾಲುಗಳನ್ನು ಕಂಡು ಐದೂ ಕೋಳಿಗಳು ದಿಕ್ಕಾಪಾಲಾದವು. ಗಡಿಬಿಡಿ ನಾಯಕಿಯೆಂಬುದನ್ನೂ ಮರೆತು ಕಿರುಚುತ್ತ ಗೂಡಿನ ಮಾಡು ಹತ್ತಿದಳು.

ಅಕ್ಕ ಕದಲಲಿಲ್ಲ. "ನನ್ನನ್ನೇ ಮರೆತುಬಿಟ್ವಾ?" ಎಂದಳು ಸಣ್ಣ ದನಿಯಲ್ಲಿ.

"ನಿನ್ನನ್ನಲ್ಲ ಅಕ್ಕಾ, ಇದನ್ನ ನೋಡಿ," ಎಂದ ತಕ್ಕಡಿಯಣ್ಣ. ಅವಳನ್ನು ಹಿಡಿದುಕೊಂಡು ವಾಪಸು ಮೆಟ್ಟಿಲು ಹತ್ತಿಸಿ, ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದ. ಆಮೇಲೆ ವಾಕರನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ನಟ್ಟನಡುವೆ ಇಟ್ಟು, ಅದರ ಸುತ್ತ ಒಂದು ಹಿಡಿ ಕಾಳು ಚೆಲ್ಲಿ ಬಂದ.

"ಏನೋ ಅದು?"

"ಮುಖ ಪರಿಚಯ ಆಗ್ಲಿ. ಅವಸರ ಮಾಡಬಾರ್ದು."

ಇಬ್ಬರೂ ಬಾಗಿಲಲ್ಲಿ ಕೂತು ನೋಡಿದರು. ಕಾಲು ಗಂಟೆ ಯಾವ ಕೋಳಿಯೂ ಹತ್ತಿರ ಸುಳಿಯಲಿಲ್ಲ. ಅರ್ಧ ಗಂಟೆಗೆ ಮೆಣಸು ಒಂದು ಕಾಳು ಕದ್ದು ಓಡಿತು. ಮುಕ್ಕಾಲು ಗಂಟೆಗೆ ಹೊಸಬಳು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕತ್ತು ವಾರೆ ಮಾಡಿ ಅಳೆದು, ರೆಕ್ಕೆ ಬಡಿದು ವಾಕರಿನ ಹಿಡಿಯ ಮೇಲೆ ಹಾರಿ ಕೂತಳು. ಉಳಿದವರು ಕೆಳಗೆ ಬಂದು ಮೇಯತೊಡಗಿದರು. ಹೊಸಬಳು ಒಮ್ಮೆ ಪುಕ್ಕ ಕೊಡವಿ, ಬಾಲ ಎತ್ತಿ, ಆ ಹಿಡಿಯ ಮೇಲೇ ಹಿಕ್ಕೆ ಹಾಕಿದಳು.

"ಪರಿಚಯ ಆಯ್ತಲ್ಲ," ಎಂದಳು ಅಕ್ಕ. "ಈಗ ಅದನ್ನ ತೊಳೆದು ತಗೊಂಡು ಬಾ. ಮುಕ್ಕಾಲು ಗಂಟೆಯಿಂದ ನಾನು ಬಚ್ಚಲಿಗೆ ಹೋಗ್ಬೇಕು ಅಂತ ಕೂತಿದೀನಿ."